ಈ ಬೇಸಿಗೆಗೆ ಒಂದು ಮಧ್ಯಾಹ್ನದ ಬೈಠಕ್

ಎಲ್ಲರಿಗೂ ನಮಸ್ಕಾರ.

ಇನ್ನೇನು ಪರೀಕ್ಷೆಗಳು ಮುಗಿದು ಮಕ್ಕಳಿಗೆ ರಜೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಳಗ ಕೆಲವು ಸಂಗೀತ ಕಛೇರಿಗಳನ್ನು ಇಟ್ಟುಕೊಂಡಿದೆ. ಅವುಗಳಲ್ಲಿ ಒಂದರ ಬಗ್ಗೆ ಜಾಸ್ತಿ ಮಾತಾಡಬೇಕು ಅನಿಸಿದೆ. ಅದು ಮಟಮಟ ಮಧ್ಯಾಹ್ನ ನಡೆಯುವ ಬೈಠಕ್, ಅಂದರೆ ಕೆಲವೇ ಮಂದಿ ಹತ್ತಿರ ಕೂತು ಕೇಳುವ ಕಛೇರಿ.

"ವಿಜಯಪುರದ ಬಿಸಲಾಗ ಮಧ್ಯಾಹ್ನ ಯಾರ ಬರ್ತಾರ್ರೀ?" ಅಂತ ಬಹಳ ಮಂದಿ ಕೇಳಿದರು. ಕೇಳುವುದು ಸಹಜ. ಆದರೆ ಸ್ವಲ್ಪ ವಿಚಾರ ಮಾಡಿ. ಹಿಂದೂಸ್ತಾನಿ ಸಂಗೀತದಲ್ಲಿ ಒಂದೊಂದು ರಾಗಕ್ಕೂ ಅದರದೇ ಹೊತ್ತು ಇದೆ. ಹಗಲಿಗೆ 4, ರಾತ್ರಿಗೆ 4, ಒಟ್ಟು 8 ಪ್ರಹರ. ಒಂದು ಪ್ರಹರ ಅಂದರೆ 3 ತಾಸು. ನಮ್ಮ ಕಛೇರಿಗಳೆಲ್ಲ ಸಂಜೆ ಆರಕ್ಕೆ ಶುರುವಾಗಿ ರಾತ್ರಿ ಒಂಬತ್ತೂವರೆಗೆ ಮುಗಿಯುತ್ತವೆ. ಹೀಗಾಗಿ ಪೂರಿಯಾ, ಯಮನ್, ಬಾಗೇಶ್ರೀ ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಭೈರವಿ ಬೆಳಗಿನ ರಾಗವಾದರೂ ಕೊನೆಗೆ ಹಾಡುವ ರೂಢಿ ಇರುವುದರಿಂದ ಅದಕ್ಕೂ ಜಾಗ ಸಿಕ್ಕಿದೆ. ನಡುಹಗಲಿನ ರಾಗಗಳಿಗೆ ಮಾತ್ರ ಎಲ್ಲೂ ಜಾಗ ಇಲ್ಲ. ನಮ್ಮ ಮಕ್ಕಳು ಅವನ್ನು ಮೊಬೈಲಿನಲ್ಲಿ ಮಾತ್ರ ಕೇಳಿದ್ದಾರೆ, ಅದೂ ಕೇಳಿದ್ದರೆ.

ಬೃಂದಾವನಿ ಸಾರಂಗವನ್ನೇ ನೋಡಿ. ಅದರಲ್ಲಿ ಗಾಂಧಾರ, ಅಂದರೆ ಸರಿಗಮದ ಗ ಇಲ್ಲ; ಧೈವತ, ಅಂದರೆ ಧ ಇಲ್ಲ. ನಿಷಾದ, ಅಂದರೆ ನಿ, ಏರುವಾಗ ಶುದ್ಧ, ಇಳಿಯುವಾಗ ಕೋಮಲ, ಅಂದರೆ ತುಸು ತಗ್ಗಿದ್ದು. ಇಷ್ಟು ಕಡಿಮೆ ಸಾಮಾನಿನಲ್ಲಿ ಎಷ್ಟು ಬಯಲು ಕಾಣಿಸುತ್ತದೆ ಅಲ್ವಾ! ಗಾಯಕರು ಇಳಿದು ಬಂದು ರಿಷಭದ, ಅಂದರೆ ರಿ ಸ್ವರದ ಮೇಲೆ ನಿಂತಾಗ ಹೊರಗಿನ ಬಿಸಿಲಿನ ಮೇಲಿದ್ದ ಸಿಟ್ಟು ಹೋಗಿಬಿಡುತ್ತದೆ. ವಸಂತಕ್ಕೆ ಬಸಂತ್, ಬಹಾರ್ ಇವೆ. ಮಳೆಗೆ ಮಲ್ಹಾರ್ ಇದೆ. ಬೇಸಿಗೆಯ ಹಗಲಿಗೆ ನನಗೆ ಸಾರಂಗಕ್ಕಿಂತ ಒಪ್ಪುವ ರಾಗ ಬೇರೆ ಕಂಡಿಲ್ಲ. ಆಮೇಲೆ ಹೊತ್ತು ವಾಲಿದಂತೆ ಭೀಮಪಲಾಸಿ, ಮುಲ್ತಾನಿ. ಮುಲ್ತಾನಿಯಲ್ಲಿ ಏರುವಾಗ ರಿಷಭ, ಧೈವತಗಳನ್ನು ಬಿಟ್ಟು ಕೋಮಲ ಗಾಂಧಾರದಿಂದ ತೀವ್ರ ಮಧ್ಯಮಕ್ಕೆ, ಅಂದರೆ ತುಸು ಏರಿಸಿದ ಮ ಸ್ವರಕ್ಕೆ ಹೋಗುತ್ತಾರೆ. ಆ ಜಾಗದಲ್ಲಿ ಒಂದು ಬಿಗಿ ಇದೆ. ಅದು ನಾಲ್ಕರ ಬಿಸಿಲಿನದ್ದು. ರಾತ್ರಿ ಎಂಟಕ್ಕೆ ಟ್ಯೂಬ್‌ಲೈಟಿನ ಕೆಳಗೆ ಅದು ಸಿಗುವುದಿಲ್ಲ.

ಬೇಸಿಗೆಯಲ್ಲಿ ವಾದ್ಯಗಳಿಗೂ ಕಷ್ಟ ಇದೆ, ಅದನ್ನೂ ಹೇಳಬೇಕು. ಕಾವಿಗೆ ತಂಬೂರಿಯ ತಂತಿ ಹಿಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಒಣ ಗಾಳಿಗೆ ತಬಲಾದ ಚರ್ಮ ಬಿಗಿಯುತ್ತದೆ, ಅದರ ಶ್ರುತಿ ಏರುತ್ತದೆ. ಒಂದು ಕೆಳಗೆ, ಒಂದು ಮೇಲೆ. ತಬಲಾದವರು ಸುತ್ತಿಗೆ ಹಿಡಿದು ಗಟ್ಟಾಗಳನ್ನು, ಅಂದರೆ ಬಾರುಗಳ ಕೆಳಗಿನ ಮರದ ತುಂಡುಗಳನ್ನು ತಟ್ಟುತ್ತಾರೆ. ಅತ್ತ ತಂಬೂರಿಯವರು ತಂತಿಗೆ ಪೋಣಿಸಿದ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ, ಕುದುರೆಯ ಮೇಲೆ ತಂತಿಯ ಕೆಳಗಿರುವ ಜವಾರಿಯ ದಾರ ನೋಡುತ್ತಾರೆ. ನಾವು ಸುಮ್ನೆ ಮಾತಾಡುತ್ತಾ ಕೂತಿರುತ್ತೇವೆ. ದಯವಿಟ್ಟು ಆ ಹೊತ್ತಿನಲ್ಲಿ ಮಾತು ಬೇಡ. ಮಕ್ಕಳಿಗೆ ಶ್ರುತಿ ಅಂದರೆ ಏನು ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಮುಂದೆ ಕೂರಿಸಿ, ನೋಡಲಿ.

ರಾಗ, ತಂಬೂರಿಯ ಮೇಲಿನ ಈ ಪ್ರೀತಿ ನಮ್ಮ ಊರಿಗೆ ಹೊಸದಲ್ಲ. 1580ರಿಂದ 1627ರವರೆಗೆ ಇಲ್ಲಿ ಆಳಿದ 2ನೇ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ದಖನಿ ಭಾಷೆಯಲ್ಲಿ ತಾನೇ ಹಾಡು ಕಟ್ಟಿದ. ಸರಸ್ವತಿಯನ್ನು, ಗಣಪತಿಯನ್ನು ನೆನೆದ. ಒಂದೊಂದು ಹಾಡಿಗೂ ರಾಗ ಯಾವುದು ಅಂತ ಬರೆಸಿದ. ಸಂಗೀತಕ್ಕೆಂದೇ ನವರಸಪುರ ಕಟ್ಟಲು ಹೊರಟ. ತೊರವಿಯ ಹತ್ತಿರ ಸಂಗೀತ ಮಹಲಿನ ಗೋಡೆಗಳು ಇವತ್ತಿಗೂ ನಿಂತಿವೆ. ರಜೆಯಲ್ಲಿ ಮಕ್ಕಳನ್ನು ಒಂದು ಬೆಳಗ್ಗೆ ಅಲ್ಲಿಗೂ ಕರೆದುಕೊಂಡು ಹೋಗಿ.

ನಮ್ಮ ಮೊದಲ ಕಛೇರಿ ಏಪ್ರಿಲ್ 8ಕ್ಕೆ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ದಿನ ಅದು. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದರು. ಕ್ಷಯ ಹಿಡಿದು ವರ್ಷಗಟ್ಟಲೆ ಹಾಡಲಾಗದೆ ಮಧ್ಯಪ್ರದೇಶದ ದೇವಾಸದಲ್ಲಿ ಮಲಗಿದ್ದರು. ಎದ್ದ ಮೇಲೆ ಮಳೆಗೆ, ಹೇಮಂತಕ್ಕೆ, ವಸಂತಕ್ಕೆ ಅಂತಲೇ ಬೇರೆ ಬೇರೆ ಕಾರ್ಯಕ್ರಮ ಕಟ್ಟಿ ಹಾಡಿದರು. ಋತುವನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಂಡ ಗಾಯಕ ನಮ್ಮ ಈ ಭಾಗದಲ್ಲೇ ಹುಟ್ಟಿದವರು. ಅವರ ನೆನಪಿನಲ್ಲಿ ಶುರು ಮಾಡಿ, ಹೊತ್ತು ನೋಡದೆ ರಾಗ ಹಾಡಿಸಲು ನನಗೆ ಮನಸ್ಸಿಲ್ಲ.

ಮಧ್ಯಾಹ್ನದ ಬೈಠಕ್ ಮೇ ತಿಂಗಳ ಒಂದು ಭಾನುವಾರ. ಹನ್ನೆರಡೂವರೆಗೆ ಶುದ್ಧ ಸಾರಂಗದಿಂದ ಶುರು, ನಾಲ್ಕರ ನಂತರ ಮುಲ್ತಾನಿಯಿಂದ ಮುಗಿತಾಯ. ನಡುವೆ ಮಜ್ಜಿಗೆ ಇರುತ್ತದೆ. ಮೈಕ್ ಇರುವುದಿಲ್ಲ, ಐವತ್ತು ಅರವತ್ತು ಮಂದಿ ಹತ್ತಿರ ಕೂತು ಕೇಳುವುದು. ಜಾಗ ಮಾತ್ರ ಇನ್ನೂ ಆಗಿಲ್ಲ. ಎಸಿ ಹಾಲ್ ಬೇಡ ಅಂತ ನನ್ನ ಅಭಿಪ್ರಾಯ, ಒಳಗೆ ತಂಪು, ಹೊರಗೆ ಕಾವು ಆದರೆ ತಂತಿ ಒಂದು ಕಡೆ ನಿಲ್ಲುವುದಿಲ್ಲ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮೇಲ್ಮುದ್ದಿ ಇರುವ ಹಳೆಯ ಮನೆ ಬೇಕು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅಂಥ ದೊಡ್ಡ ಪಡಸಾಲೆ ಇದ್ದರೆ, ಹೋಗುವ ಮುಂಚೆ ನನ್ನನ್ನು ಕಂಡು ಹೇಳಿ. ಜಮಖಾನೆ ನಾವೇ ತರುತ್ತೇವೆ.