ಈ ಫೈಲು ಯಾವ ಬಗೆಯದು? ಬ್ರೌಸರಿಗೆ ತಿಳಿಯುವ ಬಗೆ

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನಾನು ಒಂದು ಪುಟ್ಟ ವೆಬ್‌ಸೈಟ್ ಮಾಡಿದ್ದೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಸರ್ವರಿಗೆ, ಅಂದರೆ ಸೈಟನ್ನು ಎಲ್ಲರಿಗೂ ಒದಗಿಸುವ ಕಂಪ್ಯೂಟರಿಗೆ, ಏರಿಸಿದ ಮೇಲೆ ನೋಡಿದರೆ ಬಣ್ಣವಿಲ್ಲ, ವಿನ್ಯಾಸವಿಲ್ಲ, ಬರೀ ಅಕ್ಷರ. ಫೈಲುಗಳೆಲ್ಲ ಇದ್ದಲ್ಲೇ ಇದ್ದವು, ಹೆಸರುಗಳೂ ಸರಿಯಾಗಿದ್ದವು. ಮತ್ತೇನು ತಪ್ಪಾಗಿತ್ತು?

ಹೆಸರಿನ ಕೊನೆಯಲ್ಲಿ ಡಾಟ್ ಜೆಪಿಜಿ ಇದ್ದರೆ ಅದು ಚಿತ್ರ, ಅಷ್ಟೇ ಅಲ್ವಾ? ವೆಬ್‌ನಲ್ಲಿ ಹಾಗಲ್ಲ. ಸರ್ವರು ಫೈಲಿಗಿಂತ ಮೊದಲು ಒಂದು ಚೀಟಿ ಕಳಿಸುತ್ತದೆ. ಅದರ ಹೆಸರು ಕಂಟೆಂಟ್ ಟೈಪ್. 'ಇಮೇಜ್ ಸ್ಲ್ಯಾಶ್ ಪಿಎನ್‌ಜಿ', 'ಟೆಕ್ಸ್ಟ್ ಸ್ಲ್ಯಾಶ್ ಎಚ್‌ಟಿಎಂಎಲ್' ಅಂತ ಅದರಲ್ಲಿ ಬರೆದಿರುತ್ತದೆ. ಮೊದಲನೆಯದು ಚಿತ್ರದ ಒಂದು ಬಗೆ, ಎರಡನೆಯದು ವೆಬ್ ಪುಟ. ಬ್ರೌಸರು ನೋಡುವುದು ಈ ಚೀಟಿಯನ್ನು. ಈ ಪದ್ಧತಿ ಹುಟ್ಟಿದ್ದು ಇಮೇಲಿಗಾಗಿ. ಕಾಗದದ ಜೊತೆ ಚಿತ್ರ, ಧ್ವನಿ ಕಳಿಸಲು ನೆಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ಇದನ್ನು ರೂಪಿಸಿದರು. ವೆಬ್ ಅದನ್ನೇ ತನ್ನದಾಗಿಸಿಕೊಂಡಿತು.

ಚೀಟಿಯೇ ಇಲ್ಲದಿದ್ದರೆ? ಆಗ ಬ್ರೌಸರು ಫೈಲಿನ ಆರಂಭವನ್ನು ಓದಿ ಊಹಿಸುತ್ತದೆ. ಇದಕ್ಕೆ ಸ್ನಿಫಿಂಗ್, ಅಂದರೆ ಮೂಸಿ ನೋಡುವುದು ಅಂತಾರೆ. ಫೈಲು ಅಂದರೆ ಬೈಟ್ ಎಂಬ ಪುಟ್ಟ ಸಂಖ್ಯೆಗಳ ಸಾಲು. ಮೊದಲ 1445 ಬೈಟ್ ಸಿಕ್ಕರೆ ಸಾಕು. ಪಿಡಿಎಫ್ ಆದರೆ ಶೇಕಡಾ ಚಿಹ್ನೆ, ಅದರ ಬೆನ್ನಿಗೆ ಪಿ, ಡಿ, ಎಫ್ ಇರುತ್ತದೆ. ಜಿಫ್ ಬಗೆಯ ಚಿತ್ರವಾದರೆ ಜಿ, ಐ, ಎಫ್.

ನನಗೆ ತುಂಬ ಇಷ್ಟವಾದದ್ದು ಪಿಎನ್‌ಜಿಯ ಮೊದಲ 8 ಬೈಟ್. ಮೊದಲನೆಯದು 137. ಸಾದಾ ಇಂಗ್ಲಿಷ್ ಅಕ್ಷರಗಳಿಗೆ ಕೊಟ್ಟಿರುವ ಸಂಖ್ಯೆಗಳು 127ಕ್ಕೇ ಮುಗಿಯುವುದರಿಂದ ಇದನ್ನು ಬರಹ ಅಂತ ತಪ್ಪು ತಿಳಿಯುವ ಸಾಧ್ಯತೆ ಕಡಿಮೆ. ಆಮೇಲೆ ಪಿ, ಎನ್, ಜಿ. ಆಮೇಲೆ 13, 10, 26, 10. ಇದರಲ್ಲಿ 13, 10 ಅಂದರೆ ಸಾಲು ಮುಗಿಯುವ ಗುರುತು. ದಾರಿಯಲ್ಲಿ ಯಾವುದೋ ತಂತ್ರಾಂಶ ಇದನ್ನು ಬರಹವೆಂದುಕೊಂಡು ಸಾಲಿನ ಗುರುತು ಬದಲಿಸಿದರೆ ಈ ಬೈಟುಗಳೇ ಮೊದಲು ಕೆಡುತ್ತವೆ. ಫೈಲು ಹಾಳಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಎಷ್ಟು ಮುಂದಾಲೋಚನೆ ನೋಡಿ!

ಆದರೆ ಊಹೆಯಲ್ಲಿ ಅಪಾಯವೂ ಇದೆ. ಹಿಂದೆ ಬ್ರೌಸರುಗಳು ಚೀಟಿ ಇದ್ದರೂ ಅದನ್ನು ಬಿಟ್ಟು ತಮ್ಮ ಊಹೆಯನ್ನೇ ನಂಬುತ್ತಿದ್ದುದುಂಟು. ಯಾರೋ ಕಿಡಿಗೇಡಿ ಫೋಟೋ ಅಂತ ಒಂದು ಫೈಲು ಏರಿಸುತ್ತಾನೆ, ಒಳಗೆ ಎಚ್‌ಟಿಎಂಎಲ್ ಮತ್ತು ಸ್ಕ್ರಿಪ್ಟ್, ಅಂದರೆ ಬ್ರೌಸರು ಓಡಿಸುವ ಪುಟ್ಟ ಪ್ರೋಗ್ರಾಮು, ಅಡಗಿಸಿರುತ್ತಾನೆ. ಬ್ರೌಸರು ಅದನ್ನು ಪುಟವೆಂದು ಊಹಿಸಿದರೆ ಆ ಸ್ಕ್ರಿಪ್ಟ್ ಸೈಟಿನ ಹೆಸರಿನಲ್ಲೇ ಓಡುತ್ತದೆ. ನಿಮ್ಮ ಲಾಗಿನ್ ಕದಿಯಲು ಅಷ್ಟು ಸಾಕು. ಇದನ್ನು ತಡೆಯಲು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತನ್ನ 8ನೇ ಆವೃತ್ತಿಯಲ್ಲಿ 'ನೋಸ್ನಿಫ್' ಎಂಬ ಸೂಚನೆ ತಂದಿತು. ಸುಮ್ನೆ ಊಹಿಸಬೇಡ, ಚೀಟಿಯನ್ನೇ ನಂಬು ಅಂತ ಸರ್ವರು ಅದರ ಮೂಲಕ ಹೇಳುತ್ತದೆ. ಈಗ ಬೇರೆ ಬ್ರೌಸರುಗಳೂ ಅದನ್ನು ಪಾಲಿಸುತ್ತವೆ. ಸೈಟ್ ನಡೆಸುವವರು ದಯವಿಟ್ಟು ಇದನ್ನು ಹಾಕಿಕೊಳ್ಳಿ.

ನನ್ನ ಪುಟದ ತೊಂದರೆಯೂ ಚೀಟಿಯದ್ದೇ. ಕಂಪ್ಯೂಟರಿನಲ್ಲಿ ಎಫ್ 12 ಒತ್ತಿ, ನೆಟ್‌ವರ್ಕ್ ವಿಭಾಗ ತೆರೆದು, ಪುಟವನ್ನು ಮತ್ತೆ ಲೋಡ್ ಮಾಡಿದೆ. ವಿನ್ಯಾಸದ ಫೈಲಿನ ಮೇಲೆ ಕ್ಲಿಕ್ ಮಾಡಿದರೆ ಚೀಟಿಯಲ್ಲಿ 'ಟೆಕ್ಸ್ಟ್ ಸ್ಲ್ಯಾಶ್ ಪ್ಲೇನ್' ಅಂತಿತ್ತು. ಬ್ರೌಸರು ಅದನ್ನು ಸಾದಾ ಬರಹ ಅಂತ ಬದಿಗಿಟ್ಟಿತ್ತು. ಸರ್ವರಿನ ಸೆಟ್ಟಿಂಗ್‌ನಲ್ಲಿ ಈ ಫೈಲಿಗೆ ಸರಿಯಾದ ಚೀಟಿ ಕಳಿಸು ಅಂತ ಒಂದೇ ಸಾಲು ಸೇರಿಸಿದೆ. ಬಣ್ಣಗಳೆಲ್ಲ ವಾಪಸ್ ಬಂದವು.

ನಮಸ್ಕಾರ.