ತುರಾಮ್ ಗೋಲು ಹೊಡೆದ ಆ ಒಂದು ಸಂಜೆ

ನಮಸ್ಕಾರ. ಪ್ಯಾರಿಸ್‌ನ ಗಾರ್ ದು ನಾರ್ ನಿಲ್ದಾಣದಿಂದ ಆರ್‌ಇಆರ್ ಡಿ ರೈಲಿನಲ್ಲಿ ಒಂದೇ ಸ್ಟಾಪ್. ಇಳಿದು ಸ್ವಲ್ಪ ದೂರ ನಡೆದರೆ ಇದು ಕಾಣುತ್ತದೆ. ನೋಡಿ, ದೊಡ್ಡ ತಟ್ಟೆಯೊಂದು ಗಾಳಿಯಲ್ಲಿ ನಿಂತ ಹಾಗಿದೆ ಅಲ್ವಾ? ಇದೇ ಸೇಂಟ್ ಡೆನಿಸ್‌ನ ಸ್ಟಾಡ್ ದ ಫ್ರಾನ್ಸ್. 1998ರ ಫುಟ್ಬಾಲ್ ವಿಶ್ವಕಪ್‌ಗಾಗಿ ಕಟ್ಟಿದ ಕ್ರೀಡಾಂಗಣ. ಸುಮಾರು 80 ಸಾವಿರ ಜನ ಕೂರಬಹುದು.

ಇವತ್ತು ಪಂದ್ಯ ಇಲ್ಲ. ಗೇಟುಗಳು ಮುಚ್ಚಿವೆ. ಹೊರಗಿನಿಂದ ಒಂದು ಸುತ್ತು ಹಾಕೋಣ ಎಂದು ಬಂದೆ. ಹಾಗೇ ನಡೆಯುತ್ತಾ, ಆ ವಿಶ್ವಕಪ್‌ನಲ್ಲಿ ಫ್ರಾನ್ಸ್ ತಂಡದ ರಕ್ಷಣೆಯಲ್ಲಿ ಆಡಿದ ಲಿಲಿಯಾನ್ ತುರಾಮ್ ಅವರ ಬಗ್ಗೆ ಹೇಳಬೇಕು ಅನ್ನಿಸಿತು. ತುಂಬಾ ದಿನದಿಂದ ಮನಸ್ಸಿನಲ್ಲಿದ್ದ ವಿಷಯ ಇದು.

ಈ ಜಾಗಕ್ಕೆ ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಜಿದಾನ್. ಬ್ರೆಜಿಲ್ ವಿರುದ್ಧದ ಫೈನಲ್‌ನಲ್ಲಿ ತಲೆಯಿಂದ ಹೊಡೆದ ಆ ಎರಡು ಗೋಲು. ನನಗೆ ನೆನಪಾಗುವುದು ಅದಕ್ಕಿಂತ ನಾಲ್ಕು ದಿನ ಮೊದಲಿನ ಸಂಜೆ. 1998ರ ಜುಲೈ 8. ಕ್ರೊಯೇಷ್ಯಾ ಜೊತೆ ಸೆಮಿಫೈನಲ್.

ಶಾಲೆಯಲ್ಲಿ, ಆಮೇಲೆ ಕಾಲೇಜಿನಲ್ಲಿ ನಾನು ಆಡಿದ್ದು ಬ್ಯಾಕ್ ಆಗಿ, ಅಂದರೆ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಆಟಗಾರನಾಗಿ. ಆ ಜಾಗದಲ್ಲಿ ಆಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ನಮ್ಮ ಕಡೆ ಗೋಲು ಬಿದ್ದ ತಕ್ಷಣ ಕಣ್ಣು ಹೋಗುವುದು ಲೈನ್ಸ್‌ಮನ್ ಕಡೆಗೆ. ಆಫ್‌ಸೈಡ್ ಎಂದು ಬಾವುಟ ಎತ್ತಿದ್ದಾರಾ? ಪಾಸ್ ಕೊಟ್ಟ ಕ್ಷಣದಲ್ಲಿ ಎದುರಾಳಿ ನಮ್ಮ ಬ್ಯಾಕ್‌ಗಳನ್ನು ದಾಟಿ ಗೋಲಿನ ಕಡೆ ನಿಂತಿದ್ದರೆ ಆ ಗೋಲು ಲೆಕ್ಕಕ್ಕಿಲ್ಲ. ಇಲ್ಲ ಎಂದರೆ, ಲೈನಿನಲ್ಲಿ ಹಿಂದೆ ಉಳಿದವರು ಯಾರು ಎಂದು ನೋಡುತ್ತೇವೆ. ಅದು ನೀವೇ ಆಗಿದ್ದರೆ ಆ ಎರಡು ಸೆಕೆಂಡು ಎಷ್ಟು ಉದ್ದ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಆ ಸಂಜೆ ತುರಾಮ್‌ಗೆ ಆಗಿದ್ದು ಅದೇ. ಮೊದಲರ್ಧ ಗೋಲಿಲ್ಲದೆ ಮುಗಿದಿತ್ತು. ವಿರಾಮ ಮುಗಿಸಿ ಬಂದ ಕೂಡಲೇ ಕ್ರೊಯೇಷ್ಯಾದವರು ಉದ್ದಕ್ಕೆ ಒಂದು ಪಾಸ್ ಕೊಟ್ಟರು. ಫ್ರಾನ್ಸಿನ ಬ್ಯಾಕ್‌ಗಳು ಒಂದೇ ಗೆರೆಯಲ್ಲಿ ಮುಂದೆ ಬಂದಿದ್ದರೆ ಕ್ರೊಯೇಷ್ಯಾದ ಫಾರ್ವರ್ಡ್ ಸೂಕರ್ ಆಫ್‌ಸೈಡ್ ಆಗುತ್ತಿದ್ದರು. ಉಳಿದವರು ಬಂದರು. ಬಲಗಡೆ ಇದ್ದ ತುರಾಮ್ ಹಿಂದೆ ಉಳಿದುಬಿಟ್ಟರು. ಬಾವುಟ ಏಳಲಿಲ್ಲ. ಸೂಕರ್ ಗೋಲು ಹೊಡೆದರು. ಇಡೀ ಟೂರ್ನಿಯಲ್ಲಿ ಫ್ರಾನ್ಸ್‌ಗೆ ಬಿದ್ದಿದ್ದು ಎರಡೇ ಗೋಲು. ಒಂದು ಡೆನ್ಮಾರ್ಕ್ ಹೊಡೆದ ಪೆನಾಲ್ಟಿ, ಇನ್ನೊಂದು ಇದು.

ಮುಂದಿನದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಂದೇ ನಿಮಿಷ ಕಳೆದಿತ್ತು. ಕ್ರೊಯೇಷ್ಯಾದ ನಾಯಕ ಬೊಬಾನ್ ತಮ್ಮ ಗೋಲಿನ ಮುಂದಿನ ಬಾಕ್ಸ್ ಹತ್ತಿರವೇ ಚೆಂಡು ಇಟ್ಟುಕೊಂಡಿದ್ದರು. ಅದನ್ನು ಕಿತ್ತುಕೊಂಡಿದ್ದು ತುರಾಮ್! ರೈಟ್ ಬ್ಯಾಕ್ ಅಲ್ಲಿಯವರೆಗೆ ಯಾಕೆ ಹೋಗಿದ್ದರು? ತಪ್ಪು ತನ್ನದು ಎಂದು ಗೊತ್ತಿದ್ದವರು ಮಾತ್ರ ಹಾಗೆ ಓಡುತ್ತಾರೆ ಎನ್ನುವುದು ನನ್ನ ನಂಬಿಕೆ. ತಮ್ಮ ತಂಡದ ಜೊರ್ಕೇಫ್‌ಗೆ ಚೆಂಡು ಕೊಟ್ಟರು, ವಾಪಸ್ ತೆಗೆದುಕೊಂಡರು, ಹೊಡೆದರು. 1-1. ಫ್ರಾನ್ಸ್ ಪರ ಅವರ ಮೊದಲ ಗೋಲು ಅದು.

70ನೇ ನಿಮಿಷದಲ್ಲಿ ಮತ್ತೆ ಅವರೇ. ಈ ಸಲ ಬಾಕ್ಸ್ ಹೊರಗಿನಿಂದ, ಎಡಗಾಲಿನಲ್ಲಿ. ಬಲಗಾಲಿನ ಆಟಗಾರ ಎಡಗಾಲಿನಲ್ಲಿ ಹೊಡೆದ ಚೆಂಡು ನೆಲ ಸವರಿಕೊಂಡು ಹೋಗಿ ಮೂಲೆ ಸೇರಿತು. ತುರಾಮ್ ಮಂಡಿಯೂರಿ ಕೂತು, ತುಟಿಯ ಮೇಲೆ ಬೆರಳಿಟ್ಟುಕೊಂಡರು. ಏನೋ ಯೋಚನೆ ಮಾಡುತ್ತಿರುವವರ ಹಾಗೆ. ಆಮೇಲೆ ಫ್ರಾನ್ಸಿನ ಲೊರಾನ್ ಬ್ಲಾಂ ರೆಡ್ ಕಾರ್ಡ್ ಪಡೆದು ಹೊರಗೆ ಹೋದರು. ಕೊನೆಯ ಕಾಲು ಗಂಟೆ ಹತ್ತೇ ಜನ ಆಡಿ ಫ್ರಾನ್ಸ್ 2-1ರಲ್ಲಿ ಗೆದ್ದಿತು.

ತುರಾಮ್ ದೇಶಕ್ಕೆ ಆಡಿದ್ದು 142 ಪಂದ್ಯ. ಹೊಡೆದದ್ದು ಎರಡೇ ಗೋಲು. ಎರಡೂ ಈ ಗೋಡೆಯ ಆಚೆ, ಅದೇ ಸಂಜೆ.

ಇಲ್ಲಿ ಸ್ವಲ್ಪ ಕೂರುತ್ತೇನೆ. ಗಾಳಿ ಜಾಸ್ತಿ ಇದೆ, ಧ್ವನಿ ಸರಿಯಾಗಿ ಕೇಳಿಸುತ್ತಿದೆ ಅಂದುಕೊಳ್ಳುತ್ತೇನೆ.

ಅವರು ಹುಟ್ಟಿದ್ದು 1972ರ ಜನವರಿ 1ರಂದು, ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ. ಅದು ಫ್ರಾನ್ಸಿಗೇ ಸೇರಿದ ದ್ವೀಪ. ಐದು ಮಕ್ಕಳನ್ನು ತಾಯಿ ಒಬ್ಬರೇ ಸಾಕಿದರು. ಕೆಲಸ ಹುಡುಕಿಕೊಂಡು ಮೊದಲು ಅಮ್ಮ ಪ್ಯಾರಿಸ್ ಕಡೆಗೆ ಬಂದರು, ಆಮೇಲೆ ಮಕ್ಕಳನ್ನು ಕರೆಸಿಕೊಂಡರು. ಆಗ ಲಿಲಿಯಾನ್‌ಗೆ ಒಂಬತ್ತು ವರ್ಷ. ಶಾಲೆಯಲ್ಲಿ ಕೆಲವು ಮಕ್ಕಳು ಅವನನ್ನು 'ನ್ವಾರೋದ್' ಎಂದು ಕರೆಯುತ್ತಿದ್ದರು. ಆಗಿನ ಟಿವಿ ಕಾರ್ಟೂನಿನಲ್ಲಿ ಬರುತ್ತಿದ್ದ ಕಪ್ಪು ಹಸುವಿನ ಹೆಸರು ಅದು. ಹುಡುಗ ಮನೆಗೆ ಬಂದು, ನನ್ನನ್ನು ಯಾಕೆ ಹೀಗೆ ಕರೆಯುತ್ತಾರೆ ಎಂದು ಅಮ್ಮನನ್ನು ಕೇಳಿದ. ಜನ ಇರುವುದೇ ಹಾಗೆ, ಅದು ಬದಲಾಗಲ್ಲ ಎಂದರು ಅಮ್ಮ. ಆ ಉತ್ತರ ತನಗೆ ಸಾಲಲಿಲ್ಲ ಎಂದು ತುರಾಮ್ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅವರ ಇಡೀ ಬದುಕಿನ ಎಳೆ ಇಲ್ಲೇ ಸಿಗುತ್ತದೆ ಅನ್ನಿಸುತ್ತದೆ ನನಗೆ.

ಫೊಂತೆನ್‌ಬ್ಲೋದಲ್ಲಿ ಪೋರ್ಚುಗೀಸ್ ವಲಸಿಗರ ಒಂದು ಕ್ಲಬ್ ಇತ್ತು. ಅಲ್ಲಿ ಚೆಂಡು ಒದೆಯಲು ಶುರು ಮಾಡಿದ ಹುಡುಗ ಮೊನಾಕೊ ಕ್ಲಬ್ ತಲುಪಿದ. ಆಗ ಅಲ್ಲಿ ಕೋಚ್ ಆಗಿದ್ದವರು ಆರ್ಸೆನ್ ವೆಂಗರ್. 1994ರಲ್ಲಿ ಜೆಕ್ ಗಣರಾಜ್ಯದ ವಿರುದ್ಧ ರಾಷ್ಟ್ರೀಯ ತಂಡಕ್ಕೆ ಮೊದಲ ಸಲ ಆಡಿದರು. ಜಿದಾನ್‌ಗೂ ಅದೇ ಮೊದಲ ಪಂದ್ಯ.

1996ರಲ್ಲಿ ಇಟಲಿಯ ಪಾರ್ಮಾ ಕ್ಲಬ್. ಗೋಲಿನಲ್ಲಿ ಹದಿಹರೆಯದ ಬುಫೋನ್, ಪಕ್ಕದಲ್ಲಿ ಕನ್ನವಾರೊ, ಜೊತೆಗೆ ತುರಾಮ್. ಹಾಗೆ ಒಟ್ಟಿಗೆ ಬೆಳೆದ ರಕ್ಷಣೆ ಸಿಗುವುದು ಅಪರೂಪ. ಫ್ರಾನ್ಸ್‌ಗೆ ಬಲಬದಿಯಲ್ಲಿ ಆಡಿದರೂ ಅವರಿಗೆ ಇಷ್ಟವಾದ ಜಾಗ ನಡುವಿನದು. 1999ರಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಮಾರ್ಸೆ ತಂಡವನ್ನು 3-0ರಿಂದ ಸೋಲಿಸಿದರು. ಮರುವರ್ಷ ಫ್ರಾನ್ಸ್ ಜೊತೆ ಯುರೋಪಿನ ದೇಶಗಳ ಯೂರೊ ಕಪ್ ಗೆದ್ದರು. 2001ರಲ್ಲಿ ತುರಾಮ್, ಬುಫೋನ್ ಇಬ್ಬರೂ ಇಟಲಿಯ ಯುವೆಂಟಸ್ ಕ್ಲಬ್ ಸೇರಿ ಸತತ ಎರಡು ಲೀಗ್ ಗೆದ್ದರು.

2004ರಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದರು. ಮರುವರ್ಷ ಜಿದಾನ್, ಮಕೆಲೆಲೆ ಜೊತೆ ವಾಪಸ್ ಬಂದರು. 2006ರ ವಿಶ್ವಕಪ್ ಫೈನಲ್‌ನಲ್ಲಿ ಎದುರಿಗೆ ನಿಂತವರು ಯಾರು ಗೊತ್ತಾ? ಅದೇ ಬುಫೋನ್, ಅದೇ ಕನ್ನವಾರೊ. ಪೆನಾಲ್ಟಿ ಶೂಟೌಟ್‌ನಲ್ಲಿ ಇಟಲಿ ಗೆದ್ದಿತು. ಆಗ ತುರಾಮ್‌ಗೆ 34 ವರ್ಷ.

ಅದೇ ವಿಶ್ವಕಪ್ ಸಮಯದಲ್ಲಿ ರಾಜಕಾರಣಿ ಲ ಪೆನ್, ತಂಡದಲ್ಲಿ ಕಪ್ಪು ಆಟಗಾರರು ಜಾಸ್ತಿಯಾದರು ಎಂಬ ಅರ್ಥದ ಮಾತಾಡಿದ್ದರು. ಫ್ರೆಂಚರಲ್ಲಿ ಕಪ್ಪು ಬಣ್ಣದವರೂ ಇದ್ದಾರೆ ಎನ್ನುವುದೇ ಅವರಿಗೆ ಗೊತ್ತಿಲ್ಲ ಎಂದು ತುರಾಮ್ ಉತ್ತರ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಕೆಲಸ ಮಾಡಿದರು. ಪ್ಯಾರಿಸ್ ಪಕ್ಕದ ಕಾಶಾನ್‌ನಲ್ಲಿ ಕಾಗದಪತ್ರ ಇಲ್ಲದ ವಲಸಿಗ ಕುಟುಂಬಗಳನ್ನು ಇದ್ದ ಕಟ್ಟಡದಿಂದ ಹೊರಹಾಕಿದ್ದರು. ಅವರಲ್ಲಿ ಹತ್ತಾರು ಜನರನ್ನು ತುರಾಮ್ ಮತ್ತು ತಂಡದ ಜೊತೆಗಾರ ವಿಯೆರಾ ಪಂದ್ಯ ನೋಡಲು ಕರೆಸಿದರು. ಫ್ರಾನ್ಸ್-ಇಟಲಿ ಪಂದ್ಯ. ಇದೇ ಕ್ರೀಡಾಂಗಣ. ಮಲಗಲು ಜಾಗ ಇಲ್ಲದವರಿಗೆ ಇಲ್ಲಿ ಕೂರಲು ಸೀಟು ಸಿಕ್ಕಿತು. ಅವರು ಗೆದ್ದ ಎಷ್ಟೋ ಕಪ್‌ಗಳಿಗಿಂತ ಇದು ನನಗೆ ದೊಡ್ಡದು.

ಕೊನೆ ಮಾತ್ರ ಯಾರೂ ಎಣಿಸದ ಹಾಗೆ ಬಂತು. ಬಾರ್ಸಿಲೋನಾದಲ್ಲಿ ಎರಡು ವರ್ಷ ಆಡಿ, 2008ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಕ್ಲಬ್ ಸೇರುವುದರಲ್ಲಿದ್ದರು. ಹುಡುಗನಾಗಿ ಬೆಳೆದ ಕಡೆಗೇ ವಾಪಸ್ ಬಂದ ಹಾಗೆ. ವೈದ್ಯಕೀಯ ಪರೀಕ್ಷೆಯಲ್ಲಿ ಹೃದಯದ ತೊಂದರೆ ಕಾಣಿಸಿತು. ಅವರ ಸಹೋದರ ಬ್ಯಾಸ್ಕೆಟ್‌ಬಾಲ್ ಆಡುವಾಗಲೇ ಹೃದಯದ ತೊಂದರೆಯಿಂದ ತೀರಿಕೊಂಡಿದ್ದರು. ತುರಾಮ್ ಅಲ್ಲಿಗೆ ಆಟ ನಿಲ್ಲಿಸಿದರು. ಬೀಳ್ಕೊಡುಗೆ ಪಂದ್ಯ ಇಲ್ಲ, ಚಪ್ಪಾಳೆ ಇಲ್ಲ. ಅದೇ ವರ್ಷ ವರ್ಣಭೇದದ ವಿರುದ್ಧ ಮಕ್ಕಳಿಗೆ ತಿಳಿಹೇಳುವ ಪ್ರತಿಷ್ಠಾನ ಶುರು ಮಾಡಿದರು. ಈಗಲೂ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡುತ್ತಾರೆ.

ಸೆಮಿಫೈನಲ್‌ನ ಆ ಸಂಜೆ ಅವರ ದೊಡ್ಡ ಮಗನಿಗೆ 11 ತಿಂಗಳು. ಪಾರ್ಮಾದಲ್ಲಿ ಹುಟ್ಟಿದ ಮಗು, ಹೆಸರು ಮಾರ್ಕಸ್. ಕಪ್ಪು ಜನರ ಹೋರಾಟಗಾರ ಮಾರ್ಕಸ್ ಗಾರ್ವೆ ಅವರ ನೆನಪಿಗೆ ಇಟ್ಟ ಹೆಸರು. ಅವನು ಬ್ಯಾಕ್ ಆಗಲಿಲ್ಲ, ಫಾರ್ವರ್ಡ್ ಆದ. 2022ರ ಡಿಸೆಂಬರ್‌ನಲ್ಲಿ, ವಿಶ್ವಕಪ್ ಕ್ವಾರ್ಟರ್ ಫೈನಲ್ ದಿನ, ಗೋಲ್‌ಕೀಪರ್ ಯೂಗೊ ಲೊರಿಸ್ ತಮ್ಮ 143ನೇ ಪಂದ್ಯ ಆಡಿ, ಫ್ರಾನ್ಸ್ ಪರ ಅತಿ ಹೆಚ್ಚು ಪಂದ್ಯ ಆಡಿದ ತುರಾಮ್ ದಾಖಲೆಯನ್ನು ದಾಟಿದರು. ಆ ಫ್ರಾನ್ಸ್ ತಂಡದಲ್ಲಿ ಮಾರ್ಕಸ್ ಕೂಡ ಇದ್ದ. ಎಂಟು ದಿನಗಳ ನಂತರ ಫೈನಲ್‌ನಲ್ಲಿ, ಮೊದಲರ್ಧ ಮುಗಿಯುವ ಮುಂಚೆಯೇ ಕೋಚ್ ದೆಶಾಂ ಅವನನ್ನು ಮೈದಾನಕ್ಕೆ ಕಳಿಸಿದರು. 1998ರಲ್ಲಿ ಅವನ ಅಪ್ಪನ ಕ್ಯಾಪ್ಟನ್ ಆಗಿದ್ದವರೂ ಇದೇ ದೆಶಾಂ.