ಫೋನಲ್ಲಿ ಹೇಳುವುದನ್ನೇ ಬರೆದು ಹಾಕಿ

ಕೇಳುಗರೆ, ನಮಸ್ಕಾರ. ಕಾಚಂಪುಳಿ, ಅಂದರೆ ನಮ್ಮ ಕೊಡಗಿನಲ್ಲಿ ಮಾಂಸದಡುಗೆಗೆ ಹಾಕುವ ಕಪ್ಪು ಹುಳಿರಸ, ಮಾರುವವರಿಗೆ ಬೆಂಗಳೂರಿನಿಂದ ಬರುವ ಫೋನುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಇದು ಹುಣಸೆಹುಳಿಯಾ? ಒಂದು ಕಿಲೋ ಮಾಂಸಕ್ಕೆ ಎಷ್ಟು ಚಮಚ? ಫ್ರಿಜ್ಜಲ್ಲಿ ಇಡಬೇಕಾ? ಯಾಕಿಷ್ಟು ಕಪ್ಪು, ಬಣ್ಣ ಹಾಕಿದ್ದೀರಾ? ಮಾರುವ ಅಕ್ಕ ತಾಳ್ಮೆಯಿಂದ ಎಲ್ಲಾ ಹೇಳುತ್ತಾರೆ. ಮಳೆಗಾಲದಲ್ಲಿ ಹಣ್ಣು ಆರಿಸಿ ತಂದು, ರಸ ಇಳಿಸಿ, ಒಲೆ ಮೇಲೆ ಗಂಟೆಗಟ್ಟಲೆ ಕುದಿಸಿ ಬತ್ತಿಸಿದರೆ ಅದು ತಾನಾಗಿಯೇ ಕಪ್ಪಾಗುತ್ತದೆ, ಬಣ್ಣಗಿಣ್ಣ ಏನೂ ಇಲ್ಲ ಅಂತ. ಮಾರನೇ ದಿನ ಇನ್ನೊಬ್ಬರ ಫೋನು, ಮತ್ತೆ ಮೊದಲಿಂದ.

ಆ ಉತ್ತರವನ್ನು ಒಂದು ಸಲ ಬರೆದು, ಜೊತೆಗೆ ಎರಡು ಫೋಟೊ ಇಟ್ಟು, ಎಲ್ಲರಿಗೂ ಕಾಣುವ ಕಡೆ ಹಾಕಿದರೆ ಬ್ಲಾಗ್ ಆಯಿತು. ಇದಕ್ಕೆ ಸಾಹಿತಿ ಆಗಬೇಕಾಗಿಲ್ಲ. ನನಗೆ ಬರೆಯೋಕೆ ಬರಲ್ಲ ಅನ್ನುವವರು ಫೋನಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಲ್ವಾ? ಕೀಬೋರ್ಡಿನಲ್ಲಿ ಮೈಕಿನ ಗುರುತು ಇರುತ್ತದೆ. ಅದನ್ನು ಒತ್ತಿ ಕನ್ನಡದಲ್ಲೇ ಮಾತಾಡಿ, ಅದೇ ಅಕ್ಷರ ಮೂಡಿಸುತ್ತದೆ. ಅಲ್ಲಲ್ಲಿ ತಪ್ಪಾಗಿರುತ್ತದೆ, ತಿದ್ದಿಕೊಳ್ಳಿ. ಜಾಗಕ್ಕೂ ದುಡ್ಡು ಕೊಡಬೇಕಿಲ್ಲ. ಗೂಗಲ್‌ನ ಬ್ಲಾಗರ್ ಇದೆ, ವರ್ಡ್‌ಪ್ರೆಸ್ ಇದೆ. ಎರಡರಲ್ಲೂ ಬಿಟ್ಟಿಯಾಗಿಯೇ ಶುರು ಮಾಡಬಹುದು. ಬ್ಲಾಗರ್‌ಗೆ ಒಂದು ಜಿಮೇಲ್ ಖಾತೆ ಇದ್ದರೆ ಸಾಕು.

ತಲೆಬರಹ ಮಾತ್ರ ಗಿರಾಕಿ ಕೇಳಿದ ಹಾಗೇ ಇರಲಿ. "ನಮ್ಮ ಪರಂಪರೆಯ ಸವಿರುಚಿ" ಅಂತ ಬರೆದರೆ ಯಾರೂ ಅದನ್ನು ಹುಡುಕುವುದಿಲ್ಲ. "ಕಾಚಂಪುಳಿ ಎಷ್ಟು ದಿನ ಇಡಬಹುದು" ಅಂತ ಹುಡುಕುತ್ತಾರೆ. ಕೊನೆಗೆ ನಾಲ್ಕು ಸಾಲು ಇಂಗ್ಲಿಷಿನಲ್ಲೂ ಇರಲಿ. ಚೆನ್ನೈ, ಹೈದರಾಬಾದಿನವರಿಗೂ ಪಂದಿಕರಿ, ಅಂದರೆ ಕೊಡಗಿನ ಹಂದಿಮಾಂಸದ ಅಡುಗೆ, ಮಾಡುವ ಆಸೆ ಇರುತ್ತದೆ.

ಜೇನು ಮಾರುವವರ ಕಷ್ಟ ಇನ್ನೊಂದು ಥರ. ಡಿಸೆಂಬರ್ ಚಳಿಗೆ ಬಾಟಲಿಯ ತಳದಲ್ಲಿ ಹರಳು ಕಟ್ಟುತ್ತದೆ, ಕೂಡಲೇ ಗಿರಾಕಿಯ ಮೆಸೇಜು: ಸಕ್ಕರೆ ಪಾಕ ಕೊಟ್ಟಿದ್ದೀರಿ! ಜೇನಿನಲ್ಲಿರುವ ಗ್ಲೂಕೋಸ್ ಚಳಿಗೆ ಹರಳಾಗುವುದು ಸಹಜ, ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಮತ್ತೆ ಕರಗುತ್ತದೆ, ಕುದಿಸಬೇಡಿ. ಇಷ್ಟನ್ನು ನವೆಂಬರಿನಲ್ಲೇ ಬರೆದು ಇಟ್ಟುಕೊಳ್ಳಿ. ದೂರು ಬಂದಾಗ ಜಗಳಕ್ಕೆ ನಿಲ್ಲದೆ ಆ ಲಿಂಕ್ ಕಳಿಸಿದರೆ ಮುಗಿಯಿತು. ಕಾಫಿಪುಡಿಯವರೂ ಹಾಗೇ. ಚಿಕೋರಿ ಬೆರೆಸಿದ ಪುಡಿಯಲ್ಲಿ ನೂರಕ್ಕೆ ಕನಿಷ್ಠ 51 ಭಾಗ ಕಾಫಿ ಇರಬೇಕು, ಎಷ್ಟು ಬೆರೆಸಿದ್ದೀರಿ ಅಂತ ಪ್ಯಾಕೆಟ್ ಮೇಲೆ ಹಾಕಬೇಕು ಅನ್ನುವುದು ನಿಯಮ. ಪ್ಯಾಕೆಟ್ ಮೇಲೆ ಹಾಕುವುದನ್ನು ಬ್ಲಾಗಿನಲ್ಲಿ ಯಾಕೆ ಮುಚ್ಚಿಡಬೇಕು? ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಿಜ. ಹಾಗಂತ ತೋಟದ ಇನ್ನೊಂದು ಜಾತಿಯ ಕಾಫಿ, ರೊಬಸ್ಟಾ ಪುಡಿಗೂ ಆ ಹೆಸರು ಅಂಟಿಸಬೇಡಿ. ರೊಬಸ್ಟಾ ಅಂತಲೇ ಬರೆಯಿರಿ. ಗಟ್ಟಿ ಫಿಲ್ಟರ್ ಕಾಫಿ ಕುಡಿಯುವವರು ಅದನ್ನೇ ಹುಡುಕಿಕೊಂಡು ಬರುತ್ತಾರೆ.

ಇಷ್ಟೆಲ್ಲಾ ಯಾಕೆ, ವಾಟ್ಸಾಪ್ ಸ್ಟೇಟಸ್ ಸಾಲದಾ ಅಂತ ಕೇಳುತ್ತಾರೆ. ಸ್ಟೇಟಸ್ ಇರುವುದು 24 ಗಂಟೆ. ಇನ್‌ಸ್ಟಾಗ್ರಾಮಿನ ಸ್ಟೋರಿಯೂ ಅಷ್ಟೇ. ಮಾರ್ಚಿನಲ್ಲಿ ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಾಗ ನೀವು ಹಾಕಿದ ಚಂದದ ಫೋಟೊ ಮಾರನೇ ದಿನಕ್ಕೆ ಮಾಯ. ಅದನ್ನೇ "ಕೊಡಗಿನಲ್ಲಿ ಕಾಫಿ ಹೂ ಯಾವಾಗ ನೋಡಬಹುದು" ಅಂತ ಬರೆದು ಇಟ್ಟಿದ್ದರೆ, ಹೂ ಬಿಡುವುದು ಮಳೆ ಮೇಲೆ ಹೋಗುತ್ತದೆ, ಬಿಟ್ಟ ಮೇಲೆ ಕೆಲವೇ ದಿನ ಇರುತ್ತದೆ ಅಂತ ಸೇರಿಸಿದ್ದರೆ, ಮುಂದಿನ ವರ್ಷ ಫೆಬ್ರವರಿಯಲ್ಲಿ ಹುಡುಕುವವರು ನಿಮ್ಮ ಹೋಂಸ್ಟೇಗೇ ಫೋನ್ ಮಾಡುತ್ತಾರೆ.

ವಾಟ್ಸಾಪ್ ಬೇಡ ಅಂತಲ್ಲ. ನನ್ನ ಲೆಕ್ಕದಲ್ಲಿ ಮೊದಲು ಹಾಕಿಕೊಳ್ಳಬೇಕಾದದ್ದೇ ವಾಟ್ಸಾಪ್ ಬಿಸಿನೆಸ್. 2018ರಿಂದ ಇದೆ. ಸಣ್ಣ ವ್ಯಾಪಾರಕ್ಕೆ ಈ ಆ್ಯಪ್ ಉಚಿತ. ಅದರಲ್ಲಿ ಕ್ಯಾಟಲಾಗ್ ಅಂತ ಇದೆ, ಉಪ್ಪಿನಕಾಯಿ, ಏಲಕ್ಕಿ, ಕರಿಮೆಣಸು ಎಲ್ಲದರ ಫೋಟೊ ಮತ್ತು ಬೆಲೆ ಅಲ್ಲೇ ಜೋಡಿಸಬಹುದು. ಗುಂಪು ಮಾಡಿ ಎಲ್ಲರನ್ನೂ ಸೇರಿಸುವ ಚಾಳಿ ಬಿಡಿ. ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುತ್ತದೆ, ಆಮೇಲೆ ಗುಡ್ ಮಾರ್ನಿಂಗ್ ಹೂವುಗಳ ಕಾಟ ಬೇರೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ, ಒಂದರಲ್ಲಿ 256 ಜನರನ್ನು ಹಾಕಬಹುದು. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ಅದಕ್ಕೇ ಪ್ಯಾಕೆಟ್ ಕೊಡುವಾಗ "ನಂಬರ್ ಸೇವ್ ಮಾಡ್ಕೊಳ್ಳಿ" ಅಂತ ಬಾಯಿಬಿಟ್ಟು ಹೇಳಿ.

ಇನ್ನು ಗೂಗಲ್ ಮ್ಯಾಪ್. ನಮ್ಮ ಊರುಗಳಲ್ಲಿ ಮನೆ ಇರುವುದು ತೋಟದ ಒಳಗೆ, ಗೇಟ್ ಇನ್ನೆಲ್ಲೋ. ಮ್ಯಾಪ್ ನಂಬಿಕೊಂಡು ಬಂದವರು ಪಕ್ಕದ ಎಸ್ಟೇಟಿನ ಕೆಲಸಗಾರರ ಲೈನ್ ಮನೆ ಹತ್ತಿರ ನಿಂತು ಹಾರ್ನ್ ಹೊಡೆಯುತ್ತಾರೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಇದೆ, ಅದಕ್ಕೂ ದುಡ್ಡಿಲ್ಲ. ಅಲ್ಲಿ ಗುರುತನ್ನು ನೀವೇ ಸರಿಯಾಗಿ ಗೇಟಿನ ಮೇಲೆ ಇಡಿ. ಗೇಟಿನ ಫೋಟೊ ಹಾಕಿ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಿಗೆ ಅಂಗಡಿ ಮುಚ್ಚುವುದಾದರೆ ಅದನ್ನೂ ಅಲ್ಲೇ ತಿಳಿಸಬಹುದು.

ಹೋಂಸ್ಟೇಯವರಿಗೆ ಮಳೆಗಾಲದ ಒಂದು ಮಾತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ, ಜೋರು ಮಳೆ ಅಂದರೆ ಹೊರಗಿನವರಿಗೆ ಕೊಡಗು ಇಡೀ ಮುಳುಗಿದ ಹಾಗೆ. ಬನ್ನಿ ಬನ್ನಿ ಏನೂ ಆಗಿಲ್ಲ ಅಂತ ಬರೆಯುವುದೂ ತಪ್ಪು, ಹಳೇ ಕುಸಿತದ ಫೋಟೊ ಹಂಚುವುದಂತೂ ದೊಡ್ಡ ತಪ್ಪು. ಈವತ್ತಿನ ತಾರೀಕು ಹಾಕಿ, ನಿಮ್ಮ ಮನೆಗೆ ಬರುವ ರಸ್ತೆಯ ಈವತ್ತಿನ ಫೋಟೊ ಹಾಕಿ, ಕರೆಂಟ್ ಇದೆಯಾ, ನೆಟ್‌ವರ್ಕ್ ಇದೆಯಾ, ಜಿಲ್ಲಾಡಳಿತ ಏನು ಹೇಳಿದೆ ಅಂತ ಮೂರು ಸಾಲು ಬರೆಯಿರಿ. ಬರಬೇಡಿ ಅನ್ನಬೇಕಾದ ದಿನ ಹಾಗೇ ಬರೆಯಿರಿ. ಆ ಒಂದು ಬುಕಿಂಗ್ ಹೋದರೂ ಜನ ನಿಮ್ಮನ್ನು ನಂಬುತ್ತಾರೆ. ರಿಯಾಯಿತಿ ಬೋರ್ಡಿಗಿಂತ ಇದಕ್ಕೆ ಬೆಲೆ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಫೋಟೊ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮೋಡದ ಬೆಳಕು ಫೋಟೊಗೆ ಒಳ್ಳೆಯದೇ, ಕಡುನೆರಳು ಬೀಳುವುದಿಲ್ಲ. ಫ್ಲಾಶ್ ಬೇಡ, ಕಿಟಕಿ ಪಕ್ಕ ಇಟ್ಟು ತೆಗೆಯಿರಿ. ಜೇನಿಗೆ ಫಿಲ್ಟರ್ ಹಾಕಿ ಚಿನ್ನದ ಬಣ್ಣ ಬರಿಸಿದರೆ ಪಾರ್ಸಲ್ ಬಿಚ್ಚಿದ ದಿನ ನಿಮಗೇ ಬೈಗುಳ. ಇನ್‌ಸ್ಟಾಗ್ರಾಮ್ ರೀಲ್ ಮಾಡುವುದು ಇದ್ದರೆ ಮಾಡಿ, ಕುಣಿಯುವ ಅಗತ್ಯವಿಲ್ಲ. ಮೆಣಸು ಬಿಡಿಸುವ ಕೈ ತೋರಿಸಿದರೂ ಜನ ನೋಡುತ್ತಾರೆ. ಅಲ್ಲಿ ಫೋಟೊ ಕೆಳಗೆ ಲಿಂಕ್ ಹಾಕಿದರೆ ಒತ್ತಲು ಬರುವುದಿಲ್ಲ, ನಿಮ್ಮ ಹೆಸರಿನ ಕೆಳಗಿನ ಪರಿಚಯದಲ್ಲಿ ಬ್ಲಾಗಿನ ವಿಳಾಸ ಹಾಕಿ. ತಿನ್ನುವ ಪದಾರ್ಥ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನು ಲೇಬಲ್ ಮೇಲೆ ಹಾಕಲೇಬೇಕು, ಫೋಟೊದಲ್ಲೂ ಅದು ಕಾಣಲಿ. ಮನೆಯಲ್ಲಿ ಮಾಡಿದ ವೈನ್ ಬಗ್ಗೆ ನಾನು ಏನೂ ಹೇಳುವುದಿಲ್ಲ. ಲೈಸೆನ್ಸ್ ಇಲ್ಲದೆ ಮಾರಿ ಅದನ್ನೇ ಫೇಸ್‌ಬುಕ್ಕಿನಲ್ಲಿ ಹಾಕಿದರೆ, ಅಬಕಾರಿಯವರಿಗೆ ಸಾಕ್ಷಿ ಹುಡುಕುವ ಕಷ್ಟ ಇರುವುದಿಲ್ಲ, ಅಷ್ಟೇ.

ನಂಬರ್ ಎಲ್ಲರಿಗೂ ಕಾಣುವ ಹಾಗೆ ಹಾಕಿದ ಮೇಲೆ ಮೋಸಗಾರರೂ ಫೋನ್ ಮಾಡುತ್ತಾರೆ. ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ. ನಾನು ಮಿಲಿಟರಿ ಆಫೀಸರ್, ಹತ್ತು ರೂಮ್ ಬೇಕು, ಅಡ್ವಾನ್ಸ್ ಕಳಿಸುತ್ತೇನೆ ಅನ್ನುತ್ತಾರೆ. ಸಮವಸ್ತ್ರದ ಫೋಟೊ, ಕಾರ್ಡು ಕಳಿಸುತ್ತಾರೆ. ಸೈನ್ಯಕ್ಕೆ ಇಷ್ಟು ಮಕ್ಕಳನ್ನು ಕಳಿಸಿದ ಜಿಲ್ಲೆ ನಮ್ಮದು, ಮಿಲಿಟರಿ ಅಂದ ಕೂಡಲೇ ನಂಬಿಬಿಡುತ್ತೇವೆ. ಆಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಬರುತ್ತೆ ಅಂತ. ಬರುವುದಿಲ್ಲ, ಹೋಗುತ್ತದೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಡವೇ ಬೇಡ. ಹೋಯಿತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಚಿಕೊಂಡು ಕೂರಬೇಡಿ, ತಡ ಆದಷ್ಟೂ ಹಣ ಕೈ ಬದಲಾಯಿಸುತ್ತದೆ.

ಕೊನೆಗೆ ಪಾಸ್‌ವರ್ಡ್. ಹೆಚ್ಚಿನ ಮನೆಗಳಲ್ಲಿ ಪೇಜ್ ಮಾಡಿಕೊಟ್ಟವನು ಮಗ ಅಥವಾ ಅಣ್ಣನ ಮಗ, ಅವನು ಈಗ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿ ಇರುತ್ತಾನೆ. ಅವನ ಫೋನ್ ಕಳೆದರೆ ನಿಮ್ಮ ಅಂಗಡಿ ಬೋರ್ಡೇ ಕಳೆದ ಹಾಗೆ. ಫೇಸ್‌ಬುಕ್ ಪೇಜಿಗೆ ಮನೆಯಲ್ಲಿರುವ ಇನ್ನೊಬ್ಬರನ್ನೂ ಅಡ್ಮಿನ್ ಮಾಡಿ. ಜಿಮೇಲ್, ವಾಟ್ಸಾಪ್ ಎರಡಕ್ಕೂ ಎರಡು ಹಂತದ ಪರಿಶೀಲನೆ ಹಾಕಿ. ಈ ಭಾನುವಾರ ಅವನು ಊರಿಗೆ ಬರುವುದಿದ್ದರೆ ಊಟಕ್ಕೆ ಕೂರಿಸುವ ಮೊದಲೇ ಈ ಕೆಲಸ ಮಾಡಿಸಿಕೊಳ್ಳಿ. ನಮಸ್ಕಾರ.